ಫೈಲು ವಾಪಸ್ ಕೊಟ್ಟುಬಿಟ್ರಾ?

ಹೋದ ತಿಂಗಳು ಆಫೀಸಿಗೆ ಬಂದ ಅಜ್ಜಿಯ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ಒಳಗೆ ಕಪ್ಪು ಕನ್ನಡಕ, ಎರಡು ಡ್ರಾಪ್ಸ್ ಬಾಟಲಿ, ಮೆಡಿಕಲ್ ಶಾಪಿನ ಚೀಟಿ. ಪೊರೆ ತೆಗೆಸಿ ಲೆನ್ಸ್ ಹಾಕಿಸಿಕೊಂಡ ಮೂರನೇ ದಿನ ಕಣ್ಣು ಕೆಂಡವಾಗಿ, ಕೀವು ತುಂಬಿ, ಈಗ ಬೆಳಕೂ ಕಾಣುವುದಿಲ್ಲ. ‘ಫೈಲ್ ಎಲ್ಲಜ್ಜಿ?’ ಅಂದೆ. ‘ಆಸ್ಪತ್ರೆಯವರೇ ಇಸ್ಕೊಂಡ್ರು ಸಾರ್, ಕ್ಲೇಮಿಗೆ ಬೇಕಂತೆ’ ಅಂದ ಜೊತೆಗಿದ್ದ ಮಗ.

ಕೇಸು ಅರ್ಧ ಸೋತಿದ್ದು ಅಲ್ಲೇ.

ಕಾನೂನಿಗಿಂತ ಮೊದಲು ಕಣ್ಣು. ಆಪರೇಷನ್ ಆದ ಮೇಲೆ ಸ್ವಲ್ಪ ಕೆಂಪು, ಚುಚ್ಚಿದಂತಾಗುವುದು ಸಹಜ. ಆದರೆ ನೋವು ಏರುತ್ತಾ, ದೃಷ್ಟಿ ಇಳಿಯುತ್ತಾ, ರೆಪ್ಪೆ ಊದಿದರೆ ರಾತ್ರಿಯೇ ರೆಟಿನಾ ಡಾಕ್ಟರಿರುವ ಆಸ್ಪತ್ರೆಗೆ ಓಡಿ. ‘ಹಾಗೇ ಇರುತ್ತೆ, ಡ್ರಾಪ್ಸ್ ಹಾಕಿ’ ಎನ್ನುವ ಕಣ್ಣಿನ ಕ್ಯಾಂಪಿನವರ ಮಾತು ಕೇಳುತ್ತಾ ಕೂರಬೇಡಿ. ಹೋದ ಹೊತ್ತನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಸೋಂಕು ತಗುಲಿತೆಂದ ಮಾತ್ರಕ್ಕೆ ಡಾಕ್ಟರ್ ತಪ್ಪಿತಸ್ಥರಲ್ಲ. ನೀವು ದೂರಿದಾಗ ಅವರು ಏನು ಮಾಡಿದರು, ಎಷ್ಟು ಹೊತ್ತಿಗೆ ಮಾಡಿದರು ಎಂಬುದೂ ಅಷ್ಟೇ ಮುಖ್ಯ. ಕಣ್ಣೊಳಗಿನ ದ್ರವ ತೆಗೆದು ಕಲ್ಚರಿಗೆ ಕಳಿಸಿದ್ದರೆ ಆ ರಿಪೋರ್ಟ್ ಚಿನ್ನ.

ಇನ್ನು ಕಾಗದ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ನಡತೆ ನಿಯಮ ಹೇಳುತ್ತದೆ. ಬಾಯಲ್ಲಿ ಕೇಳಿದರೆ ಲೆಕ್ಕಕ್ಕಿಲ್ಲ. ಅರ್ಜಿ ಬರೆದು ಸ್ವೀಕೃತಿ ಹಾಕಿಸಿಕೊಳ್ಳಿ, ಕೌಂಟರಿನವರು ಮುಖ ತಿರುಗಿಸಿದರೆ ಸ್ಪೀಡ್ ಪೋಸ್ಟ್ ಮಾಡಿ. ಆಪರೇಷನ್ ನೋಟ್ಸ್, ಸಹಿ ಹಾಕಿದ ಒಪ್ಪಿಗೆ ಪತ್ರ, ಲೆನ್ಸಿನ ಸ್ಟಿಕ್ಕರ್ ಇವನ್ನೇ ಹೆಸರಿಸಿ. ಆ ಪುಟ್ಟ ಸ್ಟಿಕ್ಕರಿನಲ್ಲಿ ಕಂಪನಿ, ಪವರ್, ಸೀರಿಯಲ್ ನಂಬರ್ ಇರುತ್ತವೆ. ಒರಿಜಿನಲ್ ಯಾರಿಗೂ ಕೊಡಬೇಡಿ. ಕ್ಲೇಮಿಗೆ ಬೇಕೇ ಬೇಕೆಂದರೆ ಮೊದಲು ಜೆರಾಕ್ಸಿಗೆ ಆಸ್ಪತ್ರೆಯ ಸೀಲ್ ಬೀಳಲಿ. ಮತ್ತೆ, ತಡ ಮಾಡಬೇಡಿ: ಒಳರೋಗಿಯ ದಾಖಲೆಯನ್ನು ಆಸ್ಪತ್ರೆಯವರು ಇಟ್ಟುಕೊಳ್ಳಬೇಕಾದ ಅವಧಿ ಮೂರೇ ವರ್ಷ.

ಪರಿಹಾರಕ್ಕೆ ಜಿಲ್ಲಾ ಗ್ರಾಹಕ ಆಯೋಗ. ನೀವು ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಗಡುವು ಎರಡು ವರ್ಷ. ‘ಇನ್ನೊಂದ್ಸಲ ಫ್ರೀಯಾಗಿ ಮಾಡ್ಕೊಡ್ತೀವಿ’ ಎಂದು ಓಡಾಡಿಸುವುದು ಈ ಗಡುವು ದಾಟಿಸಲಿಕ್ಕೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಬಿಟ್ಟಿ ಕ್ಯಾಂಪಿನಲ್ಲಿ ಮಾಡಿಸಿಕೊಂಡವರಿಗೆ ಹಕ್ಕಿಲ್ಲವೆಂಬುದು ರಾಜಿ ಮಾಡಿಸುವ ಬ್ರೋಕರ್‌ಗಳು ಹಬ್ಬಿಸಿದ ಸುಳ್ಳು: ಉಳಿದವರಿಂದ ದುಡ್ಡು ಪಡೆಯುವ ಆಸ್ಪತ್ರೆಯಾದರೆ ಬಿಟ್ಟಿ ರೋಗಿಯೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಎಲ್ಲರಿಗೂ ಉಚಿತವಾದ ಆಸ್ಪತ್ರೆಗೆ ಮಾತ್ರ ಈ ದಾರಿ ಇಲ್ಲ. ಅಲ್ಲಿಗೆ ಸಿವಿಲ್ ಕೋರ್ಟು, ಸರ್ಕಾರಿಯಾದರೆ ಹೈಕೋರ್ಟೂ. ಉತ್ತರ ಪ್ರದೇಶದ ಖುರ್ಜಾದ ಕ್ಯಾಂಪಿನಲ್ಲಿ 1986ರಲ್ಲಿ 84 ಜನ ಕಣ್ಣು ಕಳೆದುಕೊಂಡಾಗ ಸುಪ್ರೀಂ ಕೋರ್ಟ್ ಸರ್ಕಾರದಿಂದ ತಲೆಗೆ ಇನ್ನೂ 12,500 ರೂಪಾಯಿ ಕೊಡಿಸಿತು. ಒಂದು ಕಣ್ಣಿನ ಬೆಲೆ!

ಐವತ್ತು ಸಾವಿರ ಕೊಡಿಸ್ತೀನಿ, ಇಲ್ಲೊಂದು ಸಹಿ ಹಾಕಿ ಎನ್ನುವವನು ಬಂದೇ ಬರುತ್ತಾನೆ. ಹಾಕಬೇಡಿ. ವಕೀಲರಿಗೆ ಕಾಸಿಲ್ಲವೆಂದರೆ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ.

ಅಜ್ಜಿಯ ಫೈಲಿಗೆ ಅರ್ಜಿ ಕೊಟ್ಟು ಇವತ್ತಿಗೆ ಹನ್ನೆರಡು ದಿನ. ಸ್ವೀಕೃತಿಯ ಸೀಲ್ ನಮ್ಮ ಹತ್ತಿರವಿದೆ.