ಒಂದು ದಿನ, ಮೂರು ಉದ್ದಿಮೆ: ಬೊಕೆಟೆಯ ಪಾಠ

ಪನಾಮಾ ದೇಶದ ಬೊಕೆಟೆ, 3,474 ಮೀಟರ್ ಎತ್ತರದ ಬಾರೂ ಜ್ವಾಲಾಮುಖಿಯ ತಪ್ಪಲಿನಲ್ಲಿರುವ ಕಾಫಿನಾಡು. ಇಲ್ಲಿನ ಗೇಶಾ ತಳಿಯ ಕಾಫಿಯು 2004ರ ಹರಾಜಿನಲ್ಲಿ ಪೌಂಡಿಗೆ 21 ಡಾಲರ್ ಗಳಿಸಿ ಅಂದಿನ ದಾಖಲೆಯಾಯಿತು. ಆದರೆ ಅಂತಹ ಬೆಲೆ ಎಲ್ಲ ಬೆಳೆಗಾರರಿಗೂ ದೊರೆಯದು. ಸಣ್ಣ ಹಿಡುವಳಿದಾರನ ಆದಾಯವು ಮಾರುಕಟ್ಟೆಯ ಏರಿಳಿತಕ್ಕೆ ಸಿಲುಕಿರುತ್ತದೆ.

ಪ್ರವಾಸಿಗನ ಒಂದು ದಿನವು ಇಲ್ಲಿ ಆಸರೆಯಾಗಬಲ್ಲದು. ಕುದುರೆ ಸವಾರಿ, ತೋಟದ ವೀಕ್ಷಣೆ, ಸಮೀಪದ ಕಾಲ್ಡೇರಾ ಬಿಸಿನೀರಿನ ಬುಗ್ಗೆಗಳಲ್ಲಿ ವಿಶ್ರಾಂತಿ, ಈ ಮೂರನ್ನೂ ಒಂದೇ ದರದಲ್ಲಿ ಒದಗಿಸಿದರೆ ಗ್ರಾಹಕನನ್ನು ಸೆಳೆಯುವ ವೆಚ್ಚವು ಮೂವರಲ್ಲಿ ಹಂಚಿಹೋಗುತ್ತದೆ. ಹುರಿದ ಕಾಫಿಯನ್ನು ತೋಟದಲ್ಲಿಯೇ ಚಿಲ್ಲರೆ ಬೆಲೆಗೆ ಮಾರುವ ಅವಕಾಶವೂ ಬೆಳೆಗಾರನದಾಗುತ್ತದೆ.

ಆದರೆ ಒಬ್ಬನು ತಪ್ಪಿದರೂ ಮೂವರ ಹೆಸರಿಗೂ ಕುಂದು. ಆದುದರಿಂದ ಹಣದ ಪಾಲು, ಸಮಯಪಾಲನೆ, ಅಪಘಾತದ ಹೊಣೆ, ಮಳೆಯಿಂದ ರದ್ದಾದ ದಿನದ ಹಣವಾಪಸಿ ಇವೆಲ್ಲವೂ ಮೊದಲೇ ಲಿಖಿತ ಒಪ್ಪಂದದಲ್ಲಿರುವುದು ಅವಶ್ಯ.