ಕ್ರೌನ್ ನಾಣ್ಯ: ಒಂದೇ ಅಳತೆ, ಬೇರೆ ಬೇರೆ ಲೋಹ



ಬ್ರಿಟನ್ನಿನಲ್ಲಿ ನಾಲ್ಕಾರು ವರ್ಷ ಕಳೆದವರ ಮನೆಯ ಯಾವುದಾದರೂ ಡ್ರಾಯರ್‌ನಲ್ಲಿ ಒಂದು ದೊಡ್ಡ ಕ್ರೌನ್ ನಾಣ್ಯ ಇರುವ ಸಾಧ್ಯತೆ ಹೆಚ್ಚು. ಪಕ್ಕದ ಮನೆಯ ಅಜ್ಜಿ ಮಗುವಿಗೆ ಕೊಟ್ಟದ್ದೋ, ಕಾರ್ ಬೂಟ್ ಸೇಲ್‌ನಲ್ಲಿ ಒಂದೆರಡು ಪೌಂಡಿಗೆ ಸಿಕ್ಕಿದ್ದೋ ಆಗಿರಬಹುದು. ನಾನು ವೃತ್ತಿಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್, ಹವ್ಯಾಸದಲ್ಲಿ ಈ ನಾಣ್ಯಗಳ ಸಂಗ್ರಹಕಾರ. ಇದು ಗೊತ್ತಾದ ಕೂಡಲೇ ಸ್ನೇಹಿತರು ಕೇಳುವ ಮೊದಲ ಪ್ರಶ್ನೆ, "ಇದು ಬೆಳ್ಳೀನಾ?" ಅದಕ್ಕೆ ಉತ್ತರವನ್ನು ಮನೆಯಲ್ಲೇ ಕಂಡುಕೊಳ್ಳುವುದು ಹೇಗೆ ಎಂಬುದೇ ಈ ಸಲದ ಪಾಠ. ಮಕ್ಕಳನ್ನೂ ಜೊತೆಗೆ ಕೂರಿಸಿಕೊಂಡು ಓದಿ. ಅವರಿಗೊಂದು ಪ್ರಯೋಗವೂ ಇದೆ.

ಕ್ರೌನ್ ಎಂದರೇನು?

ಹಳೆಯ ಲೆಕ್ಕದಲ್ಲಿ ಕ್ರೌನ್ ಎಂದರೆ 5 ಷಿಲಿಂಗ್, ಅಂದರೆ ಕಾಲು ಪೌಂಡ್. ಆರನೇ ಎಡ್ವರ್ಡ್ ದೊರೆಯ ಕಾಲದಲ್ಲಿ, 1551ರಲ್ಲಿ, ಇಂಗ್ಲೆಂಡಿನ ಮೊದಲ ಬೆಳ್ಳಿಯ ಕ್ರೌನ್ ಬಂತು. 20ನೇ ಶತಮಾನದಲ್ಲಿ ಅದು ಮುಖ್ಯವಾಗಿ ವಿಶೇಷ ಸಂದರ್ಭಗಳ ನೆನಪಿನ ನಾಣ್ಯವಾಯಿತು. ಸಾಮಾನ್ಯವಾಗಿ ಕೈಗೆ ಸಿಗುವವು ಇವು:

1935 - ಐದನೇ ಜಾರ್ಜ್ ಆಳ್ವಿಕೆಯ ಬೆಳ್ಳಿ ಹಬ್ಬ
1937 - ಆರನೇ ಜಾರ್ಜ್ ಪಟ್ಟಾಭಿಷೇಕ
1951 - ಫೆಸ್ಟಿವಲ್ ಆಫ್ ಬ್ರಿಟನ್
1953 - ಎರಡನೇ ಎಲಿಜಬೆತ್ ಪಟ್ಟಾಭಿಷೇಕ
1960 - ನ್ಯೂಯಾರ್ಕ್‌ನ ಬ್ರಿಟಿಷ್ ವಸ್ತುಪ್ರದರ್ಶನ
1965 - ವಿನ್‌ಸ್ಟನ್ ಚರ್ಚಿಲ್ ಸ್ಮರಣೆ
1972 - ರಾಣಿಯ ಮದುವೆಯ 25ನೇ ವರ್ಷ
1977 - ರಾಣಿಯ ಆಳ್ವಿಕೆಯ ಬೆಳ್ಳಿ ಹಬ್ಬ
1980 - ರಾಜಮಾತೆಯ 80ನೇ ಹುಟ್ಟುಹಬ್ಬ
1981 - ಚಾರ್ಲ್ಸ್ ಮತ್ತು ಡಯಾನಾ ಮದುವೆ

1971ರಲ್ಲಿ ದಶಮಾಂಶ ಪದ್ಧತಿ ಬಂದ ಮೇಲೆ 5 ಷಿಲಿಂಗ್ ಹೋಗಿ 25 ಪೆನ್ಸ್ ಆಯಿತು. ತಮಾಷೆ ಎಂದರೆ 1972ರಿಂದ 1981ರವರೆಗಿನ ಈ ನಾಲ್ಕು ನಾಣ್ಯಗಳ ಮೇಲೆ ಬೆಲೆಯನ್ನೇ ಬರೆದಿಲ್ಲ! 1990ರಿಂದ ಇದೇ ಅಳತೆಯ ನಾಣ್ಯಕ್ಕೆ 5 ಪೌಂಡ್ ಮುಖಬೆಲೆ. 2023ರಲ್ಲಿ ಮೂರನೇ ಚಾರ್ಲ್ಸ್ ಪಟ್ಟಾಭಿಷೇಕಕ್ಕೆ ಬಂದ 5 ಪೌಂಡ್ ನಾಣ್ಯವೂ ಇದೇ ಮನೆತನದ್ದು.

ಲೋಹ ಬದಲಾದ ಕಥೆ

ಇಸವಿ ನೋಡಿದರೆ ಅರ್ಧ ಉತ್ತರ ಸಿಕ್ಕಂತೆ. 1919ರವರೆಗೆ ಬ್ರಿಟನ್ನಿನ ಬೆಳ್ಳಿ ನಾಣ್ಯಗಳಲ್ಲಿ ನೂರಕ್ಕೆ 92.5 ಭಾಗ ಬೆಳ್ಳಿ ಇರುತ್ತಿತ್ತು. ಇದೇ ಸ್ಟರ್ಲಿಂಗ್ ಬೆಳ್ಳಿ. ಮೊದಲನೇ ಮಹಾಯುದ್ಧದ ನಂತರ ಬೆಳ್ಳಿಯ ಬೆಲೆ ಏರಿತು, 1920ರಿಂದ ಪ್ರಮಾಣ 50ಕ್ಕೆ ಇಳಿಯಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದಿಂದ ಸಾಲವಾಗಿ ತಂದ ಬೆಳ್ಳಿಯನ್ನು ಹಿಂದಿರುಗಿಸಬೇಕಾಗಿದ್ದರಿಂದ 1947ರಲ್ಲಿ ಚಲಾವಣೆಯ ನಾಣ್ಯಗಳಿಂದ ಬೆಳ್ಳಿಯೇ ಮಾಯವಾಯಿತು. ಅದರ ಜಾಗಕ್ಕೆ ಬಂದದ್ದು 75 ಭಾಗ ತಾಮ್ರ, 25 ಭಾಗ ನಿಕಲ್ ಸೇರಿದ ಕ್ಯುಪ್ರೋನಿಕಲ್.

ನಮ್ಮ ಊರಿನ ರೂಪಾಯಿಯದೂ ಇದೇ ಹಾದಿ. ವಿಕ್ಟೋರಿಯಾ ಕಾಲದ ರೂಪಾಯಿಯಲ್ಲಿ 12ರಲ್ಲಿ 11 ಭಾಗ ಬೆಳ್ಳಿ, 1940ರಲ್ಲಿ ಅರ್ಧಕ್ಕರ್ಧ, 1947ರಲ್ಲಿ ಬರೀ ನಿಕಲ್. ಅಜ್ಜಿಯರು ಲಕ್ಷ್ಮೀ ಪೂಜೆಗೆ "ಹಳೇ ರೂಪಾಯಿ"ಯನ್ನೇ ಇಡುತ್ತಿದ್ದುದು ಸುಮ್ಮನೆ ಅಲ್ಲ.

ಹಾಗಾದರೆ 1935, 1937ರ ಕ್ರೌನ್‌ಗಳು ಅರ್ಧ ಬೆಳ್ಳಿ. 1951, 1953, 1960, 1965ರವು ಕ್ಯುಪ್ರೋನಿಕಲ್. ಯಾರಾದರೂ "ಬೆಳ್ಳಿಯ ಚರ್ಚಿಲ್ ಕ್ರೌನ್" ಎಂದು ಮಾರಲು ಬಂದರೆ ಹುಷಾರಾಗಿರಿ. ಸ್ವಲ್ಪ ಗೊಂದಲ ಶುರುವಾಗುವುದು 1972ರಿಂದ. ಆಗಿನಿಂದ ರಾಯಲ್ ಮಿಂಟ್ ಒಂದೇ ಚಿತ್ರವನ್ನು ಕ್ಯುಪ್ರೋನಿಕಲ್‌ನಲ್ಲಿ ಜನಸಾಮಾನ್ಯರಿಗೂ, ಸ್ಟರ್ಲಿಂಗ್ ಬೆಳ್ಳಿಯಲ್ಲಿ ಸಂಗ್ರಹಕಾರರಿಗೂ ಹೊರತಂದಿತು. 5 ಪೌಂಡ್ ಕಾಲದಲ್ಲಿ 22 ಕ್ಯಾರೆಟ್ ಚಿನ್ನದಲ್ಲೂ, ಎರಡರಷ್ಟು ದಪ್ಪದ ಬೆಳ್ಳಿಯಲ್ಲೂ ಬಂದವು. ದಪ್ಪ ನಾಣ್ಯಕ್ಕೆ ಪೀಡ್‌ಫೋರ್ಟ್ ಎಂದು ಹೆಸರು.

ಇಲ್ಲಿ ಒಂದು ಮಾತು ನೆನಪಿಡಿ. "ಪ್ರೂಫ್" ಎಂದರೆ ಬೆಳ್ಳಿ ಎಂದಲ್ಲ. ಅದು ಕನ್ನಡಿಯಂತೆ ಹೊಳೆಯುವ ವಿಶೇಷ ಅಚ್ಚಿನ ಹೆಸರು. ಕ್ಯುಪ್ರೋನಿಕಲ್‌ನಲ್ಲೂ ಪ್ರೂಫ್ ನಾಣ್ಯಗಳಿವೆ.

ತಕ್ಕಡಿಗೂ ಸಿಗದ ಗುಟ್ಟು

ತೂಗಿ ನೋಡಿದರೆ ಆಯಿತಲ್ಲ ಎನ್ನಬಹುದು. ಆದರೆ ಕ್ಯುಪ್ರೋನಿಕಲ್ ಕ್ರೌನ್ ಕೂಡ 28.28 ಗ್ರಾಂ, ಬೆಳ್ಳಿಯ ಕ್ರೌನ್ ಕೂಡ 28.28 ಗ್ರಾಂ! ವ್ಯಾಸವೂ ಒಂದೇ, ಸುಮಾರು 38.6 ಮಿಲಿಮೀಟರ್. ಅಯಸ್ಕಾಂತಕ್ಕೆ ಎರಡೂ ಅಂಟುವುದಿಲ್ಲ. ವ್ಯತ್ಯಾಸ ಇರುವುದು ಸಾಂದ್ರತೆಯಲ್ಲಿ. ಬೆಳ್ಳಿ ಹೆಚ್ಚು ಸಾಂದ್ರವಾದ್ದರಿಂದ ಅಷ್ಟೇ ತೂಕಕ್ಕೆ ಕಡಿಮೆ ಜಾಗ ಸಾಕು, ಹಾಗಾಗಿ ಬೆಳ್ಳಿಯ ನಾಣ್ಯ ಕೂದಲೆಳೆಯಷ್ಟು ತೆಳು. ಕಣ್ಣಿಗೆ ಇದು ಕಾಣುವುದಿಲ್ಲ, ನೀರಿಗೆ ಗೊತ್ತಾಗುತ್ತದೆ. ಆರ್ಕಿಮಿಡೀಸ್ ತಾತನ ಕಥೆ ಮಕ್ಕಳಿಗೆ ಗೊತ್ತಲ್ಲವೇ?

ಮಕ್ಕಳಿಗೆ ಪ್ರಯೋಗ

ಬೇಕಾದದ್ದು: 0.01 ಗ್ರಾಂವರೆಗೆ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ, ಹಗುರವಾದ ಪ್ಲಾಸ್ಟಿಕ್ ಲೋಟ, ನೀರು, ಹೊಲಿಗೆ ದಾರ.

1. ಒಣಗಿದ ನಾಣ್ಯವನ್ನು ತೂಗಿ ಬರೆದುಕೊಳ್ಳಿ.
2. ನೀರು ತುಂಬಿದ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ.
3. ನಾಣ್ಯಕ್ಕೆ ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ. ತಳಕ್ಕೂ ಪಕ್ಕಕ್ಕೂ ತಾಗಬಾರದು, ಗುಳ್ಳೆ ಅಂಟಿರಬಾರದು.
4. ಈಗ ತಕ್ಕಡಿ ತೋರಿಸುವುದು ನಾಣ್ಯ ತಳ್ಳಿದ ನೀರಿನ ತೂಕ. ಮೊದಲಿನ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ.

ಕ್ಯುಪ್ರೋನಿಕಲ್ ಆದರೆ ತಕ್ಕಡಿ ಸುಮಾರು 3.16 ಗ್ರಾಂ ತೋರಿಸುತ್ತದೆ, ಸಾಂದ್ರತೆ 8.9. 1935, 1937ರ ಅರ್ಧ ಬೆಳ್ಳಿಗೆ ಸುಮಾರು 2.97, ಸಾಂದ್ರತೆ 9.5. ಸ್ಟರ್ಲಿಂಗ್‌ಗೆ ಸುಮಾರು 2.73, ಸಾಂದ್ರತೆ 10.4. ನಾಣ್ಯ ಸವೆದಿದ್ದರೆ ತೂಕ ಕಡಿಮೆ ಬಂದರೂ ಸಾಂದ್ರತೆ ಬದಲಾಗುವುದಿಲ್ಲ, ಅದಕ್ಕೇ ಭಾಗಾಕಾರ ಮಾಡುವುದು. ಮುಚ್ಚಿದ ಕ್ಯಾಪ್ಸೂಲ್‌ನಲ್ಲಿರುವ ಪ್ರೂಫ್ ನಾಣ್ಯಕ್ಕೆ ಮಾತ್ರ ಈ ಪ್ರಯೋಗ ಬೇಡ. ಕ್ಯಾಪ್ಸೂಲ್ ತೆಗೆದು ಮುಟ್ಟಿದರೆ ಹೊಳಪು ಕೆಡುತ್ತದೆ. ಜೊತೆಗಿರುವ ಪ್ರಮಾಣಪತ್ರ ಓದಿದರೆ ಸಾಕು.

ಹಂಚಿಕೆಯ ಲೆಕ್ಕ

ಇದೆಲ್ಲ ಯಾಕೆ ಬೇಕು? ಇಲ್ಲೇ ಬಹಳ ವರ್ಷ ದುಡಿದ ಪರಿಚಯದ ಹಿರಿಯರೊಬ್ಬರು ತಮ್ಮ ಡಬ್ಬಿಯಲ್ಲಿದ್ದ 12 ಕ್ರೌನ್‌ಗಳನ್ನು ಮೂವರು ಮೊಮ್ಮಕ್ಕಳಿಗೆ ತಲಾ ನಾಲ್ಕರಂತೆ ಎಣಿಸಿಟ್ಟಿದ್ದರು. "ಯಾರಿಗೂ ಹೆಚ್ಚು ಕಡಿಮೆ ಆಗಬಾರದಪ್ಪಾ, ಒಂದು ಸಲ ನೋಡಿಬಿಡು" ಎಂದು ಕರೆದರು. ನೋಡಿದರೆ 1935, 1937 ಮತ್ತು 1981ರ ಸ್ಟರ್ಲಿಂಗ್ ಪ್ರೂಫ್, ಮೂರೂ ಹಿರಿಯ ಮೊಮ್ಮಗಳ ಪಾಲಿಗೇ ಬಿದ್ದಿದ್ದವು. ಉಳಿದ ಇಬ್ಬರಿಗೆ ಬರೀ ಕ್ಯುಪ್ರೋನಿಕಲ್.

ಮೂವರಿಗೂ ಒಂದೊಂದು ಬೆಳ್ಳಿ ಕ್ರೌನ್ ಬರುವಂತೆ ಬದಲಿಸಿದೆವು. ಆದರೂ ಸಮ ಆಗಲಿಲ್ಲ. ಅರ್ಧ ಬೆಳ್ಳಿಯ ಕ್ರೌನ್‌ನಲ್ಲಿ ಶುದ್ಧ ಬೆಳ್ಳಿ 14.14 ಗ್ರಾಂ, ಸ್ಟರ್ಲಿಂಗ್‌ನಲ್ಲಿ 26.16 ಗ್ರಾಂ. ಆಗ ಅವರು ಒಳಗೆ ಹೋಗಿ, ತಮ್ಮ ತಾಯಿ ಪೂಜೆಗೆ ಇಡುತ್ತಿದ್ದ ಎರಡು ವಿಕ್ಟೋರಿಯಾ ರೂಪಾಯಿ ತಂದರು. ಒಂದು ರೂಪಾಯಿ 11.66 ಗ್ರಾಂ, ಅದರಲ್ಲಿ ಬೆಳ್ಳಿ ಸುಮಾರು 10.69. ಅರ್ಧ ಬೆಳ್ಳಿ ಬಂದ ಇಬ್ಬರಿಗೂ ಒಂದೊಂದು ಸೇರಿಸಿದಾಗ 24.83 ಗ್ರಾಂ ಆಯಿತು. ಹೆಚ್ಚು ಕಡಿಮೆ ಸರಿಹೋಯಿತು. ಮಾರುಕಟ್ಟೆ ಬೆಲೆಯ ಗೊಡವೆಗೆ ಹೋಗದೆ ಲೋಹದ ಲೆಕ್ಕ ಮಾತ್ರ ಹಿಡಿದೆವು. ಯಾವ ನಾಣ್ಯ ಯಾವುದು, ಎಲ್ಲಿಂದ ಬಂತು ಎಂದು ಮೂರು ಚೀಟಿ ಕನ್ನಡದಲ್ಲೇ ಬರೆದು ಇಟ್ಟರು.

ಕೊಳ್ಳುವ ಮುನ್ನ, ಇಡುವ ಮುನ್ನ

* 1965ರ ಚರ್ಚಿಲ್ ಸುಮಾರು 1.96 ಕೋಟಿ, 1977ರದು ಸುಮಾರು 3.7 ಕೋಟಿ, 1981ರದು 2.6 ಕೋಟಿಗೂ ಹೆಚ್ಚು ಅಚ್ಚಾದವು. ಇವುಗಳ ಕ್ಯುಪ್ರೋನಿಕಲ್ ನಾಣ್ಯವನ್ನು ಚೆಂದಕ್ಕೆ, ನೆನಪಿಗೆ ಕೊಳ್ಳಿ. ಮಗುವಿನ ಕಾಲೇಜು ಫೀಸಿಗೆ ಆಗುತ್ತದೆ ಎಂದು ಕೊಳ್ಳಬೇಡಿ.
* ಚಿನ್ನದ ಬಣ್ಣ ಕಂಡ ಮಾತ್ರಕ್ಕೆ ಚಿನ್ನವಲ್ಲ. ಬರೀ ಲೇಪನ ಕೊಟ್ಟ ನಾಣ್ಯಗಳು ಬೇಕಾದಷ್ಟಿವೆ. 22 ಕ್ಯಾರೆಟ್‌ನ 5 ಪೌಂಡ್ ಕ್ರೌನ್ 39.94 ಗ್ರಾಂ ತೂಗಬೇಕು.
* 5 ಪೌಂಡ್ ನಾಣ್ಯ ಕಾನೂನುಬದ್ಧವೇ ಹೌದು, ಆದರೆ ಅಂಗಡಿಯವರು ತೆಗೆದುಕೊಳ್ಳಲೇಬೇಕೆಂಬ ನಿಯಮವಿಲ್ಲ.
* ದೀಪ ಬೆಳಗುವ ಹಾಗೆ ಹುಣಸೆಹಣ್ಣು, ವಿಭೂತಿ ಹಾಕಿ ಉಜ್ಜಬೇಡಿ. ಗೀರು ಬಿದ್ದ ನಾಣ್ಯಕ್ಕೆ ಬೆಲೆ ಇಳಿಯುತ್ತದೆ. ಅಂಚಿನಲ್ಲಿ ಮಾತ್ರ ಹಿಡಿಯಿರಿ.
* ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿ ಬಹಳ ಕಾಲ ಇಟ್ಟರೆ ಹಸಿರು ಅಂಟು ಹಿಡಿಯುತ್ತದೆ.

ಕೊನೆಗೆ ಚಿಣ್ಣರಿಗೊಂದು ಮನೆಗೆಲಸ. 1951ರ ಕ್ರೌನ್ ಸಿಕ್ಕರೆ ಅದರ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ರೋಮನ್ ಅಂಕಿಗಳಲ್ಲಿ ಎರಡು ಇಸವಿಗಳಿವೆ. ಒಂದು 1951. ಇನ್ನೊಂದು ಯಾವುದು, ಯಾಕೆ? ಉತ್ತರ ಹುಡುಕಿ!