ಮೊದಲು ಮೆಟ್ಟಿಲನ್ನು ಅಳೆಯಬೇಕು

ಲೆಗೋ ತುಣುಕುಗಳಿಂದ ಮೆಟ್ಟಿಲು ಹತ್ತುವ ರೋಬೋಟ್ ಕಟ್ಟುತ್ತಿದ್ದೇವೆ ಅಂದರೆ ಕೇಳಿದವರೆಲ್ಲ ಮೊದಲು ವಿಚಾರಿಸುವುದು ಮೋಟರಿನ ಬಗ್ಗೆ. ಆಟಿಕೆ ಮೋಟರಿಗೆ ಅಷ್ಟು ಶಕ್ತಿ ಇರುತ್ತದೆಯೇ? ಇರುತ್ತದೆ. ಲೆಗೋದ ರೋಬೋಟ್ ಕಿಟ್ ಮೈಂಡ್‌ಸ್ಟಾರ್ಮ್ಸ್ ಇವಿ3ಯ ದೊಡ್ಡ ಮೋಟರು ಓಡುತ್ತಿರುವಾಗ ಸುಮಾರು 20 ನ್ಯೂಟನ್-ಸೆಂಟಿಮೀಟರ್ ಟಾರ್ಕ್ ಕೊಡುತ್ತದೆ. ಒಂದೂವರೆ ಕಿಲೋ ತೂಕದ ಗಾಡಿ 35 ಡಿಗ್ರಿ ಏರಿನಲ್ಲಿ ಮೇಲೆ ಹೋಗಲು ಬೇಕಾದದ್ದು ಹೆಚ್ಚುಕಡಿಮೆ 8.5 ನ್ಯೂಟನ್ ಬಲ. ಚೈನು ಎಳೆಯುವ ಸ್ಪ್ರಾಕೆಟ್ಟಿನ ತ್ರಿಜ್ಯ 2 ಸೆಂ.ಮೀ. ಎಂದುಕೊಂಡರೆ, ಎರಡು ಮೋಟರು ಸೇರಿ 17 ಕೊಟ್ಟರೆ ಸಾಕು. ಅವೆರಡರ ಹತ್ತಿರ 40 ಇದೆ. ಘರ್ಷಣೆಗೆ ಧಾರಾಳವಾಗಿ ಪಾಲು ಕೊಟ್ಟರೂ ಲೆಕ್ಕ ಸರಿಹೋಗುತ್ತದೆ. ಮಗಳ ಜೊತೆ ಬೇಸಿಗೆ ರಜೆಯಿಡೀ ಮೆಟ್ಟಿಲ ಮೇಲೆ ಕೂತು ನಾನು ಕಲಿತದ್ದು ಬೇರೆಯೇ. ಮೆಟ್ಟಿಲಿಗೆ ಬೇಕಾದದ್ದು ಉದ್ದ, ಮತ್ತು ಸರಿಯಾದ ಜಾಗದಲ್ಲಿ ಕೂತ ಭಾರ.

ಆದ್ದರಿಂದ ಕೆಲಸ ಟೇಪಿನಿಂದ ಶುರುವಾಗಬೇಕು. ಮೈಸೂರಿನ ನಮ್ಮ ಮನೆಯ ಒಳಮೆಟ್ಟಿಲಿಗೆ, ಮೇಸ್ತ್ರಿಗಳ ಮಾತಿನಲ್ಲಿ ಹೇಳುವುದಾದರೆ, 7 ಇಂಚು ರೈಸರ್, 10 ಇಂಚು ಟ್ರೆಡ್. ಒಂದು ಮೆಟ್ಟಿಲ ಅಂಚಿನಿಂದ ಮುಂದಿನದರ ಅಂಚಿಗೆ ಓರೆಯಾಗಿ ಟೇಪು ಹಿಡಿದರೆ 31 ಸೆಂ.ಮೀ. ಗಾಡಿಯ ಉಳಿದೆಲ್ಲ ಅಳತೆ ಹುಟ್ಟುವುದು ಈ 31ರಿಂದ. ಚೈನಿನ ಗಾಡಿ ಮೆಟ್ಟಿಲಿಗೆ ಮೈಯೊಡ್ಡಿ ಹತ್ತುವುದಿಲ್ಲ, ಅಂಚುಗಳ ಮೇಲೆ ಮಾತ್ರ ಹಾಯುತ್ತದೆ. ಬಾಲ ಒಂದು ಅಂಚನ್ನು ಬಿಟ್ಟ ಕ್ಷಣದಲ್ಲಿ ಭಾರಕೇಂದ್ರದ ಹಿಂದೆ ಇನ್ನೊಂದು ಅಂಚು ಇರಲೇಬೇಕು. ಇಲ್ಲದಿದ್ದರೆ ಬಾಲ ಧೊಪ್ಪನೆ ಕುಸಿದು ಮೂತಿ ಮೇಲೇಳುತ್ತದೆ. ಮುಂದಿನ ಕಡೆಗೂ ಇದೇ ನಿಯಮ. ಎಂದರೆ ಭಾರಕೇಂದ್ರದ ಹಿಂದೆ 31, ಮುಂದೆ 31, ಒಟ್ಟು 62 ಸೆಂ.ಮೀ. ಲೆಗೋ ಲೆಕ್ಕದಲ್ಲಿ ಇಟ್ಟಿಗೆಯ ಮೇಲಿನ ಒಂದು ಗುಂಡಿಗೆ, ಅಂದರೆ ಒಂದು ಸ್ಟಡ್ಡಿಗೆ, 8 ಮಿ.ಮೀ.; ಹಾಗಾದರೆ 77 ಸ್ಟಡ್ಡಿಗೂ ಹೆಚ್ಚು. ಅಷ್ಟುದ್ದದ ಪ್ಲಾಸ್ಟಿಕ್ ಚೌಕಟ್ಟು ತನ್ನ ಭಾರಕ್ಕೇ ಬಳುಕುತ್ತದೆ.

ಇದಕ್ಕೆ ದಾರಿ ತೋರಿಸಿದ್ದು ನಿಜವಾದ ರಕ್ಷಣಾ ರೋಬೋಟ್‌ಗಳು. ಜಪಾನಿನ ಚಿಬಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಕ್ವಿನ್ಸ್, 2011ರಲ್ಲಿ ಫುಕುಶಿಮಾ ಅಣುಸ್ಥಾವರದ ಕಟ್ಟಡದೊಳಗೆ ಮನುಷ್ಯರು ಹೋಗಲಾಗದ ಮೆಟ್ಟಿಲುಗಳನ್ನು ಹತ್ತಿದ ಯಂತ್ರ. ಅದರ ನಾಲ್ಕು ಮೂಲೆಗೂ ಮಡಚಬಲ್ಲ, ಚೈನು ಸುತ್ತಿದ ತೋಳುಗಳಿವೆ. ಬೇಕಾದಾಗ ಉದ್ದವಾಗುತ್ತದೆ, ಬೇಡವಾದಾಗ ಗಿಡ್ಡವಾಗುತ್ತದೆ. ಎಂಥ ಸೊಗಸಾದ ಉತ್ತರ! ನಾವು ಮುಂದಕ್ಕಷ್ಟೇ ಎರಡು ತೋಳು ಇಟ್ಟೆವು: ಮೈ 40 ಸೆಂ.ಮೀ., ತೋಳು 22. ಹಿಂದೆ ತೋಳಿಲ್ಲದ ಕೊರತೆ ತುಂಬಲು ಮೋಟರು, ಆರು ಬ್ಯಾಟರಿ ಹಿಡಿಯುವ, ಮೋಟರುಗಳನ್ನು ನಿಯಂತ್ರಿಸುವ ಇವಿ3 ಪೆಟ್ಟಿಗೆ ಎಲ್ಲವನ್ನೂ ಮುಂದಕ್ಕೆ ತಳ್ಳಿದೆವು. ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಅದರ ಮೇಲೆ ಗಾಡಿಯನ್ನು ಹಿಂದೆ ಮುಂದೆ ಸರಿಸುತ್ತ, ಯಾವ ಕಡೆಗೂ ವಾಲದ ಜಾಗವನ್ನು ಮಗಳು ಕೆಂಪು ಟೇಪಿನಿಂದ ಗುರುತು ಮಾಡಿದಳು. ಯಾವ ತುಣುಕನ್ನು ಕದಲಿಸಿದರೂ ಮತ್ತೆ ಸ್ಕೇಲಿನ ಮೇಲಿಟ್ಟು ನೋಡುವುದು ಅಲ್ಲಿಂದ ರೂಢಿಯಾಯಿತು.

ತೋಳನ್ನು ಎತ್ತಿಳಿಸಲು ವರ್ಮ್ ಗಿಯರು, ಅದರ ಎದುರು 24 ಹಲ್ಲಿನ ಚಕ್ರ. ಮೋಟರು 24 ಸುತ್ತು ತಿರುಗಿದರೆ ತೋಳು ಒಂದು ಸುತ್ತು. ಅದಕ್ಕಿಂತ ದೊಡ್ಡ ಲಾಭವೆಂದರೆ ಇದು ಹಿಮ್ಮುಖ ತಿರುಗುವುದಿಲ್ಲ: ಮೋಟರು ನಿಲ್ಲಿಸಿದರೂ ತೋಳು ಇದ್ದಲ್ಲೇ ಗಟ್ಟಿಯಾಗಿ ನಿಂತು ಗಾಡಿಯ ಭಾರ ಹೊರುತ್ತದೆ.

ಶಕ್ತಿ ಸಾಕಷ್ಟಿದ್ದರೂ ಅದು ಚೈನಿನವರೆಗೆ ತಲುಪಬೇಕಲ್ಲ. ಲೆಗೋ ಆಕ್ಸಲ್ಲಿನ ಅಡ್ಡಕೊಯ್ತ ಕೂಡಿಸು ಚಿಹ್ನೆಯ ಆಕಾರದ್ದು, ಆದ್ದರಿಂದ ತಿರುಚಿಕೊಂಡರೆ ಕಣ್ಣಿಗೇ ಕಾಣುತ್ತದೆ. "ಅಪ್ಪಾ, ಇಲ್ಲಿ ನೋಡು, ಗೆರೆ ಸುರುಳಿ ಆಗ್ತಿದೆ," ಅಂದಳು ಮಗಳು. ನಿಜ, ನೇರವಾಗಿರಬೇಕಾದ ಏಣು ಒಂದು ತುದಿಯಿಂದ ಇನ್ನೊಂದಕ್ಕೆ ಓರೆಯಾಗಿತ್ತು. ಸ್ವಲ್ಪ ಹೊತ್ತು ಶಕ್ತಿ ಅದರೊಳಗೆ ಸ್ಪ್ರಿಂಗಿನಂತೆ ಕೂಡಿಕೊಂಡು, ಆಮೇಲೆ ಒಮ್ಮೆಗೇ ಜಿಗಿಯುತ್ತದೆ. ಗಾಡಿ ಅಂಚಿನ ಮೇಲೆ ಕುಪ್ಪಳಿಸುತ್ತದೆ. ವೇಗ ತಗ್ಗಿಸಿ ಬಲ ಹೆಚ್ಚಿಸುವ 8:24 ಗಿಯರುಗಳನ್ನು ಮೋಟರಿನ ಪಕ್ಕದಿಂದ ತೆಗೆದು ಸ್ಪ್ರಾಕೆಟ್ಟಿನ ಪಕ್ಕದಲ್ಲೇ ಇಟ್ಟಾಗ ಉದ್ದದ ಆಕ್ಸಲ್ಲಿನ ಮೇಲೆ ಬೀಳುವ ಟಾರ್ಕ್ ಮೂರನೇ ಒಂದಕ್ಕೆ ಇಳಿಯಿತು. ವೇಗ ಸೆಕೆಂಡಿಗೆ 10 ಸೆಂ.ಮೀ. ಆಸುಪಾಸಿಗೆ ಬಂತು. ಮೆಟ್ಟಿಲಿಗೆ ಅದು ಒಳ್ಳೆಯ ವೇಗ, ಏನಾಗುತ್ತಿದೆ ಎಂದು ನೋಡಲು ಸಮಯ ಸಿಗುತ್ತದೆ.

ಆಗ ಚೌಕಟ್ಟಿನ ಸರದಿ. ಭಾರ ಬಿದ್ದಾಗ ಕಟಕಟ ಸದ್ದು ಬಂದರೆ ಗಿಯರಿನ ಹಲ್ಲು ಸವೆದಿದೆ ಅನ್ನಿಸುತ್ತದೆ, ಆದರೆ ಅಲ್ಲಿ ನಡೆಯುವುದು ಬೇರೆ. ಗಿಯರು ಹಿಡಿದ ಎರಡು ಗೋಡೆಗಳು ದೂರ ಸರಿದು ಹಲ್ಲು ಜಾರುತ್ತದೆ. ಗೋಡೆಗಳನ್ನು ಮೇಲಿಂದ ಕೆಳಗೆ ಲಂಬ ಪಟ್ಟಿಯಿಂದ ಬಿಗಿಯಬೇಕು. ಇಲ್ಲೊಂದು ಚಂದದ ಲೆಕ್ಕವಿದೆ. ಇಟ್ಟಿಗೆಯ ಎತ್ತರ 9.6 ಮಿ.ಮೀ., ಅಡ್ಡ ಅಳತೆ 8ರ ಗುಣಕ. ಸುಮ್ಮನೆ ಒಂದರ ಮೇಲೊಂದು ಪೇರಿಸಿದರೆ ಲಂಬ ಪಟ್ಟಿಯ ತೂತು ಹೊಂದುವುದಿಲ್ಲ. ನಡುವೆ 3.2 ಮಿ.ಮೀ.ನ ಎರಡು ಪ್ಲೇಟು ಹಾಕಿದರೆ ಒಟ್ಟು 16 ಆಗಿ ಸರಿಯಾಗಿ ಎರಡು ಸ್ಟಡ್! ಈ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಮೈಂಡ್‌ಸ್ಟಾರ್ಮ್ಸ್ ಸಾಲು 2022ರ ಕೊನೆಗೆ ನಿಂತಿತು, ಆದರೆ ಆ ಅಳತೆ ನಿಂತಿಲ್ಲ. ಹಳೆಯ ಡಬ್ಬದ ತುಣುಕು ಇವತ್ತಿನದಕ್ಕೆ ಹೊಂದುತ್ತದೆ. ಮಕ್ಕಳ ಕೈಗೆ ಯಾರಾದರೂ ಹಳೆಯ ಡಬ್ಬ ಕೊಟ್ಟರೆ ದಯವಿಟ್ಟು ಬೇಡ ಅನ್ನಬೇಡಿ.

ಒಳಮೆಟ್ಟಿಲಿನ ಕಲ್ಲು ಗ್ರಾನೈಟ್, ಅಂಚನ್ನು ಅರ್ಧ ಗುಂಡಗೆ ಉಜ್ಜಿ ಪಾಲಿಶ್ ಮಾಡಿದ್ದು. 35 ಡಿಗ್ರಿ ಏರಿಗೆ ಘರ್ಷಣಾಂಕ 0.7 ಬೇಕು, ಬರಿಯ ಪ್ಲಾಸ್ಟಿಕ್ ಚೈನಿಗೆ ಅಲ್ಲಿ ಅಷ್ಟು ಹಿಡಿತ ಸಿಗಲಿಲ್ಲ, ಇದ್ದಲ್ಲೇ ಸುತ್ತಿತು. ಚೈನಿನ ಕೊಂಡಿಗಳಲ್ಲಿ ಒಂದು ಬಿಟ್ಟು ಒಂದಕ್ಕೆ ರಬ್ಬರು ತುಂಡು ಸಿಕ್ಕಿಸಿದೆವು. ರಬ್ಬರು ಕಲ್ಲನ್ನು ಹಿಡಿಯುತ್ತದೆ, ನಡುವಿನ ಸಂದು ಅಂಚಿಗೆ ಕೊಕ್ಕೆಯಾಗುತ್ತದೆ. ಅಡಿಯಲ್ಲಿ ಒತ್ತೊತ್ತಾಗಿ ಉರುಳೆಗಳೂ ಬೇಕು. ಇಲ್ಲದಿದ್ದರೆ ಅಂಚು ಚೈನನ್ನು ಒಳಕ್ಕೆ ಒತ್ತಿ ಹೊಟ್ಟೆಗೆ ತಾಗಿಸುತ್ತದೆ. ಊರ ಕಡೆ ಇಟಾಚಿ ಬಂದಾಗ ಅದರ ಚೈನಿನ ಅಡಿಭಾಗವನ್ನು ಬಗ್ಗಿ ನೋಡಿ, ಅಲ್ಲೂ ಇದೇ ಏರ್ಪಾಡು.

ಕೊನೆಯ ಮೆಟ್ಟಿಲಲ್ಲಿ ಭಾರಕೇಂದ್ರ ಅಂಚು ದಾಟಿದೊಡನೆ ಗಾಡಿ ಪಟ್ಟನೆ ಮಟ್ಟಕ್ಕೆ ಬೀಳುತ್ತದೆ. ತೋಳನ್ನು ಮೊದಲೇ ಕೆಳಗಿಳಿಸಿ ನೆಲಕ್ಕೆ ಆನಿಸಿದರೆ ಪೆಟ್ಟಿಲ್ಲದೆ ಇಳಿಯುತ್ತದೆ. ಇಳಿಸುವಾಗ ಹಿಂದು ಹಿಂದಕ್ಕೇ ಇಳಿಸಬೇಕು, ಭಾರದ ಮೂತಿ ಮೇಲಿರುವಂತೆ.

ಒಳಮೆಟ್ಟಿಲು ಈಗ ನಿರಾಳ. ಉಳಿದಿರುವುದು ತಾರಸಿಗೆ ಹೋಗುವ ಸಿಮೆಂಟ್ ಮೆಟ್ಟಿಲು: 8 ಇಂಚು ರೈಸರ್, 9 ಇಂಚು ಟ್ರೆಡ್. ಅಂಚಿನಿಂದ ಅಂಚಿಗೆ ಅಲ್ಲೂ 31ರ ಒಳಗೇ, ಆದ್ದರಿಂದ ಉದ್ದ ಬದಲಿಸಬೇಕಿಲ್ಲ. ಕೋನ ಮಾತ್ರ ಸುಮಾರು 42 ಡಿಗ್ರಿ. ಭಾರಕೇಂದ್ರ ಒಂದು ಸೆಂ.ಮೀ. ಎತ್ತರದಲ್ಲಿದ್ದರೆ ಒಳಮೆಟ್ಟಿಲಲ್ಲಿ ಭಾರ 7 ಮಿ.ಮೀ. ಹಿಂದೆ ಸರಿದಂತೆ, ಇಲ್ಲಿ ಅದು 9. ಅದಕ್ಕೇ ಇವಿ3 ಪೆಟ್ಟಿಗೆಯನ್ನು ಮೇಲಿಂದ ತೆಗೆದು ಎರಡು ಚೈನುಗಳ ನಡುವೆ ಮಲಗಿಸುತ್ತಿದ್ದೇವೆ. ಬ್ಯಾಟರಿ ಬದಲಿಸಲು ಕೈ ಹೋಗುವಷ್ಟು ಜಾಗ ಬಿಡಬೇಕು ಎಂದು ಮಗಳ ಹಟ, ನೆಲಕ್ಕೆ ಇನ್ನೂ ಹತ್ತಿರ ಇಳಿಸಬೇಕು ಎಂದು ನನ್ನದು.